ಹಿಡ್ಕೊಂಡಿದ್ದೀನಿ, ನೀವು ಬಿಡಿ

ಮೂರು ಗಂಟೆಗೆ ಮಳೆ ಶುರುವಾಯಿತು. ಮೂರೂವರೆಗೆ ಕರೆಂಟು ಹೋಯಿತು. ಮೂಳೆ ಆಸ್ಪತ್ರೆಯ ಹಿಂಭಾಗದ ವ್ಯಾಯಾಮದ ಕೋಣೆಯಲ್ಲಿ ಯಂತ್ರಗಳೆಲ್ಲ ಒಮ್ಮೆಗೇ ಸುಮ್ಮನಾದವು. ಗೋಡೆಗೆ ಹೊಡೆದ ಮರದ ಏಣಿ, ಮೂಲೆಗೆ ಒರಗಿಸಿದ್ದ ಊರುಗೋಲುಗಳು, ಮೇಣ ಕಾಯಿಸುವ ಪಾತ್ರೆ, ರೆಕ್ಸಿನ್ ಹೊದಿಸಿದ ಮಂಚಗಳು ಬೂದು ಬೆಳಕಿನಲ್ಲಿ ಉಳಿದವು. ವ್ಯಾಯಾಮ ಮಾಡಿಸುವವಳನ್ನು ಅಲ್ಲಿ ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವಳು ಕಿಟಕಿ ಮುಚ್ಚಿ ಬಂದು, "ಜನರೇಟರ್ ಆಪರೇಷನ್ ಕೋಣೆಗೆ ಮಾತ್ರ. ಕೂತಿರಿ, ಬರುತ್ತೆ," ಎಂದಳು.

ನಾಲ್ವರು ಕೂತರು. ಮನೆಯ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಬಸ್ ಡ್ರೈವರು. ಮಂಡಿ ನೋವಿನ ಅಜ್ಜ, ಬದುಕಿಡೀ ಆಂಬುಲೆನ್ಸಿನ ಹಿಂಭಾಗದಲ್ಲಿ ಕೂತು ಗಾಯಾಳುಗಳನ್ನು ಇದೇ ಆಸ್ಪತ್ರೆಗೆ ತಂದವರು. ಮಣಿಕಟ್ಟು ಮುರಿದುಕೊಂಡಿದ್ದ ಸೊಸೆ. ಅವಳ ಅತ್ತೆ.

ಸೊಸೆಯ ಬಲಗೈ ಮುಷ್ಟಿಯಾಗಿ ಮಡಿಲಲ್ಲಿತ್ತು. ಎರಡು ತಿಂಗಳ ಹಿಂದಿನ ಕಾರು ಅಪಘಾತದಲ್ಲಿ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮೂಳೆ ಕೂಡಿತು, ಪ್ಲಾಸ್ಟರ್ ತೆಗೆದು ಹತ್ತು ದಿನವಾಯಿತು, ಬೆರಳುಗಳು ಮಾತ್ರ ಬಿಚ್ಚಲಿಲ್ಲ. ನರ ಸರಿಯಿದೆ, ಸ್ನಾಯು ಸರಿಯಿದೆ ಎಂದು ವರದಿಗಳು ಹೇಳುತ್ತಿದ್ದವು.

ಉಳಿದದ್ದನ್ನೆಲ್ಲ ಅವಳು ಕ್ರಮವಾಗಿ ಮಾಡಿ ಮುಗಿಸಿದ್ದಳು. ಪೊಲೀಸರು ಮಂಚದ ಪಕ್ಕ ಬಂದು ಕೂತಾಗ ಎಲ್ಲವನ್ನೂ ಹೇಳಿದ್ದಳು: ಹೊತ್ತು, ದಿಕ್ಕು, ಇಟ್ಟಿಗೆ ಗೂಡಿನ ನಂತರದ ತಿರುವು, ಅಲ್ಲಿ ಹಿಂದಿನ ದೀಪವಿಲ್ಲದೆ ನಿಂತಿದ್ದ ಲಾರಿ. ಎಂ.ಎ. ಓದಿದವಳು ಹೇಳಿಕೆಯ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದ್ದಳು. ನಜ್ಜುಗುಜ್ಜಾದ ಕಾರಿನ ಫೋಟೊ ತೆಗೆಸಿದ್ದಳು, ವಿಮೆಯವರಿಗೆ ಅರ್ಜಿ ಕೊಟ್ಟಿದ್ದಳು, ಮರಣಪತ್ರದ ಪ್ರತಿಗಳನ್ನು ಬೇಕಾದಲ್ಲೆಲ್ಲ ಮುಟ್ಟಿಸಿದ್ದಳು. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಗಂಡನ ತೊಡೆಯಿಂದ ಚಿಮ್ಮುತ್ತಿದ್ದ ರಕ್ತವನ್ನು ಅವಳು ಇಪ್ಪತ್ತು ನಿಮಿಷ ಒತ್ತಿ ಹಿಡಿದಿದ್ದಳು. ಆಂಬುಲೆನ್ಸಿನವರು ಬಂದರು, ಅವನನ್ನು ಎಳೆದುಕೊಂಡರು, ಅವನು ದಾರಿಯಲ್ಲೇ ಹೋದ. ಅವರು ಹಿಡಿಯುವ ಮೊದಲೇ ತಾನು ಕೈ ಬಿಟ್ಟೆನೆ?

ಈಗ ಅವಳ ಜಡೆ ಹೆಣೆಯುವುದು, ಗುಂಡಿ ಹಾಕುವುದು ಅತ್ತೆಯೇ. ಎರಡು ತಿಂಗಳಲ್ಲಿ ಅವರು ಮಗನ ಆ ಇಪ್ಪತ್ತು ನಿಮಿಷದ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ. ಆ ಮೌನಕ್ಕೆ ಅವಳು ತನಗೆ ತೋಚಿದ ಅರ್ಥ ಕೊಟ್ಟುಕೊಂಡಿದ್ದಳು.

"ಮೂವತ್ತು ವರ್ಷ ಬಸ್ ಓಡಿಸಿದೀನಿ, ಮೈಮೇಲೆ ಒಂದು ಗೀರಿಲ್ಲ," ಎಂದ ಡ್ರೈವರು, ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸ್ಟೂಲಿನ ಮೇಲಿಡುತ್ತ. "ಆರು ಮೆಟ್ಟಿಲು ಇಳಿಯೋಕೆ ಹೋಗಿ ಹಿಂಗಾಯ್ತು."

"ಬಸ್ಸಿಗೆ ಬ್ರೇಕ್ ಇತ್ತಪ್ಪ," ಎಂದರು ಅಜ್ಜ. "ನಿನಗೆಲ್ಲಿದೆ?"

ಅತ್ತೆಯೂ ನಕ್ಕರು.

"ಆಯ್ತು ಬಿಡಿ ಅಜ್ಜ. ಸುಮ್ನೆ ಕೂತ್ರೆ ಕಾಲು ನೆನಪಾಗುತ್ತೆ. ಒಂದು ದೆವ್ವದ ಕತೆನಾದ್ರೂ ಹೇಳಿ. ಆಂಬುಲೆನ್ಸಿನೋರ ಹತ್ರ ಇಲ್ದೆ ಇರುತ್ತಾ?"

"ಪಾದ ಹಿಂದುಮುಂದಾಗಿರೋ ದೆವ್ವ ನನ್ನ ಹತ್ರ ಇಲ್ಲಪ್ಪ. ಕೈಯಿರೋದು ಒಂದಿದೆ." ಅಜ್ಜ ಹತ್ತು ದಿನದಿಂದ ನೋಡುತ್ತಿದ್ದ ಅವಳ ಮುಷ್ಟಿಯನ್ನು ಇನ್ನೊಮ್ಮೆ ನೋಡಿದರು. "ಹೇಳ್ಲಾ ತಾಯಿ?"

ಬೇಡವೆನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ತಲೆಯಾಡಿಸಿದಳು.

"ಹಾಗಾದ್ರೆ ಕೇಳಿ... ನಾನಾಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಸೈರನ್ ಕೂಗಿದ್ರೆ ಅದು ನನ್ನನ್ನೇ ಹೊಗಳ್ತಾ ಇದೆ ಅಂದ್ಕೊಳ್ಳೋ ವಯಸ್ಸು. ನಮ್ಮ ಆಂಬುಲೆನ್ಸಿನ ಡ್ರೈವರಣ್ಣ ಹಳಬ, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಬಾಯಲ್ಲೇ ಕಲಿಸ್ದ. ಇಳಿದ ತಕ್ಷಣ ಗಾಯ ನೋಡ್ಬೇಡ, ರಸ್ತೆ ನೋಡು, ನೀನೇ ಇನ್ನೊಂದು ಗಾಡಿಗೆ ಸಿಕ್ಕಿದ್ರೆ ನಿನ್ನ ಎತ್ತೋರು ಯಾರು? ಮೊದ್ಲು ಕೀಲಿ ತಿರುಗಿಸಿ ಎಂಜಿನ್ ಆರಿಸು. ಕುತ್ತಿಗೆ ಅಲ್ಲಾಡಿಸ್ಬೇಡ. ಎಷ್ಟು ಬೇಡ್ಕೊಂಡ್ರೂ ನೀರು ಕುಡಿಸ್ಬೇಡ. ರಕ್ತ ಬರೋ ಕಡೆ ಬಟ್ಟೆಯಿಟ್ಟು ಒತ್ತು, ಆ ಬಟ್ಟೆ ನೆನೆದ್ರೆ ತೆಗೀಬೇಡ, ಅದರ ಮೇಲೇ ಇನ್ನೊಂದಿಡು... ಇವೆಲ್ಲ ನಿಮಗೂ ಗೊತ್ತಿರಬಹುದು. ಕೊನೇದೊಂದು ಹೇಳ್ದ, ಏನದು? ನೀನು ಹೋಗೋ ಮೊದ್ಲೇ ಯಾರಾದ್ರೂ ಗಾಯ ಒತ್ತಿ ಹಿಡ್ಕೊಂಡಿದ್ರೆ ಅವರ ಕೈ ಕಿತ್ತು ತೆಗೀಬೇಡ, ನಿನ್ನ ಕೈನ ಅವರ ಕೈ ಕೆಳಗೆ ಜಾರಿಸು, ಅವರ ಮುಖ ನೋಡು, ಕೇಳೋ ಹಾಗೆ ಹೇಳು, 'ನಾನು ಹಿಡ್ಕೊಂಡಿದ್ದೀನಿ, ನೀವು ಬಿಡಿ.' ಯಾಕಣ್ಣ, ಗಾಯಕ್ಕೆ ಕಿವಿ ಇದೆಯಾ ಅಂತ ನಾನು ನಕ್ಕೆ. ಅವನು ನಗಲಿಲ್ಲ. ಗಾಯಕ್ಕಲ್ಲ, ಕೈಗೆ, ಅಂದ. ಒತ್ತಿ ಹಿಡಿದ ಕೈಗೆ ಯಾರಾದ್ರೂ ಬಿಡು ಅಂತ ಹೇಳ್ಬೇಕು. ಇಲ್ದಿದ್ರೆ ಅದು ಬಿಡೋದೇ ಇಲ್ಲ..."

ತಗಡಿನ ಮಾಡಿನ ಮೇಲೆ ಮಳೆ ಜೋರಾಯಿತು. ಅಜ್ಜ ದನಿ ಏರಿಸಲಿಲ್ಲ. ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು.

"ಹೀಗೇ ಒಂದು ಮಳೆಯ ಮಧ್ಯಾಹ್ನ. ಇಟ್ಟಿಗೆ ಗೂಡು ದಾಟಿದ್ಮೇಲೆ ರಸ್ತೆ ಇಳಿದು ತಿರುಗುತ್ತಲ್ಲ, ಅಲ್ಲಿ..."

ಅವಳು ತಲೆಯೆತ್ತಿದಳು. ಚೀಲದ ಹಿಡಿಯ ಮೇಲೆ ಅತ್ತೆಯ ಬೆರಳು ನಿಂತವು.

"ಕಾರು ಮರಕ್ಕೆ ಗುದ್ದಿ ನಿಂತಿತ್ತು. ಗಂಡ ಸ್ಟೀರಿಂಗ್ ಹಿಂದೆ, ತೊಡೆ ಸೀಳಿತ್ತು, ಪ್ರಜ್ಞೆ ಇಲ್ಲ. ಪಕ್ಕದ ಸೀಟಿಂದ ಹೆಂಡತಿ ಅವನ ಮೇಲೆ ಬಾಗಿ, ಹಸಿರು ಶಾಲು ಮಡಚಿಟ್ಟು, ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡಿದ್ದಳು. ಎಷ್ಟು ಹೊತ್ತಾಯ್ತಮ್ಮ ಅಂದೆ. ಆಗಿಂದ, ಅಂದಳು. ಮಧ್ಯೆ ಶಾಲು ತೆಗೆದ್ರಾ ಅಂದೆ. ಇಲ್ಲ, ಅಂದಳು. ಭೇಷ್ ಅಂದೆ... ಭೇಷ್ ಅಂದೆ ನೋಡಿ, ಹೇಳಬೇಕಾದ ಮಾತು ಮಾತ್ರ ಹೇಳ್ಲಿಲ್ಲ! ಆತುರಗಾರನಿಗೆ ಬುದ್ಧಿ ಮಟ್ಟ. ಅವಳ ಕೈ ಆಚೆ ತಳ್ಳಿ, ನನ್ನ ಕೈಯಿಟ್ಟು, ಅವನನ್ನ ಹಲಗೆ ಮೇಲೆ ಮಲಗಿಸ್ಕೊಂಡು ಓಡಿದೆ. ಹೆಂಡತೀನ ಕರೆತರೋಕೆ ಎರಡನೇ ಗಾಡಿ ಹಿಂದೇನೇ ಬರ್ತಿತ್ತಲ್ಲ, ನನಗೇನು? ಗಂಡ ಬದುಕಿದ. ಸಂಜೆ ಆ ಗಾಡಿಯೋರು ಸಿಕ್ಕಿದ್ರು, ಆ ಹೆಂಗಸು ಹೇಗಿದಾರೆ ಅಂತ ಕೇಳ್ದೆ. ಯಾವ ಹೆಂಗಸು, ಆ ಹೆಣವಾ, ಅಂದ್ರು... ಎದೆಗೂಡು ಪುಡಿಯಾಗಿತ್ತಂತೆ. ಗುದ್ದಿದ ಕ್ಷಣಕ್ಕೇ ಪ್ರಾಣ ಹೋಗಿದೆ ಅಂತ ಡಾಕ್ಟರು ಬರೆದ್ರು. ನಾವು ಹೋಗಿದ್ದು ಗುದ್ದಿ ಅರ್ಧ ಗಂಟೆ ಆದ್ಮೇಲೆ. ಹಾಗಾದ್ರೆ ಅರ್ಧ ಗಂಟೆ ಒತ್ತಿದ್ದು ಯಾರು? ನನಗೆ ಉತ್ತರ ಕೊಟ್ಟಿದ್ದು ಯಾರು?"

"ಅಜ್ಜ," ಎಂದ ಡ್ರೈವರು, "ಹೊತ್ತು ಕಳೆಯೋಕೆ ಕೇಳಿದ್ದು ನಾನು. ನಿದ್ದೆ ಕಳೆಯೋಕಲ್ಲ."

"ಕೇಳಿದ್ಮೇಲೆ ಪೂರ್ತಿ ಕೇಳು. ಆರು ತಿಂಗಳಾದ್ಮೇಲೆ ಆ ಗಂಡ ನಮ್ಮ ಶೆಡ್ ಹುಡುಕ್ಕೊಂಡು ಬಂದ. ಗಾಯ ಮಾಯ್ದಿತ್ತು. ಮಳೆ ಬಂದ್ರೆ ಮಾತ್ರ ತೊಡೆ ಮೇಲೆ ಭಾರ, ಅಂದ. ನೋವಾ ಅಂದೆ. ನೋವಲ್ಲ, ಭಾರ. ಎರಡು ಕೈಯಿಟ್ಟ ಹಾಗೆ. ಬೆಚ್ಚಗೆ, ಅಂದ... ಡ್ರೈವರಣ್ಣ ನನ್ನ ಮುಖ ನೋಡ್ದ, ಅವತ್ತು ಹೇಳಿದ್ಯಾ ಅಂದ. ಇಲ್ಲ ಅಂತ ತಲೆಯಾಡಿಸ್ದೆ. ಈಗ ಹೇಳು, ಅಂದ. ಮಂಡಿಯೂರಿ ಆ ತೊಡೆ ಮೇಲೆ ಕೈಯಿಟ್ಟೆ... ಇದ್ದಳು ತಾಯಿ. ನನ್ನ ಕೈಗೂ ತಾಗಿದಳು. 'ನಾನು ಹಿಡ್ಕೊಂಡಿದ್ದೀನಿ' ಅಂದೆ, ಅಷ್ಟರಲ್ಲಿ ಆ ಮನುಷ್ಯ ನನ್ನ ಮಣಿಕಟ್ಟು ಹಿಡಿದ. ಮುಂದಿನದು ಹೇಳಬೇಡಿ, ಅಂದ. ಮನೇಲಿ ಇನ್ಯಾರೂ ಇಲ್ಲ, ಅಂದ... ನೀವಾಗಿದ್ರೆ ಏನು ಮಾಡ್ತಿದ್ರಿ? ನಾನು ಹೇಳ್ಲಿಲ್ಲ. ಅವನ ಮೇಲೆ ಕರುಣೆ ಬಂತಲ್ಲ, ಅವಳ ಮೇಲೆ ಯಾಕೆ ಬರಲಿಲ್ಲ? ನಲವತ್ತು ವರ್ಷ, ಮಳೆ ಬಂದಾಗಲೆಲ್ಲ, ಆ ಹೆಂಗಸು ಮಾಯ್ದ ಗಾಯ ಒತ್ತಿ ಹಿಡಿದಳು. ಹೋದ ವರ್ಷ ಅವನು ತೀರಿಕೊಂಡ. ತೊಡೆ ಹೋಯ್ತು... ಕೈ ಎಲ್ಲಿಗೆ ಹೋಗಬೇಕು?"

ಅಜ್ಜ ನೋಯುವ ಮಂಡಿಯನ್ನು ಸವರಿಕೊಂಡರು.

"ಈಗ ಗಾಡಿ ಮೇಲಿರೋರು ನನಗೆ ಹೇಳ್ತಾರೆ. ಆ ತಿರುವಲ್ಲಿ, ಮಳೇಲಿ, ಗಾಯಾಳು ಒಬ್ಬನೇ ಬಿದ್ದಿರ್ತಾನೆ, ಸುತ್ತ ಒಂದು ನರಪಿಳ್ಳೆ ಇರಲ್ಲ, ಗಾಯದ ಮೇಲೆ ಬಟ್ಟೆ ಮಾತ್ರ ಬಿಗಿಯಾಗಿ ಕೂತಿರುತ್ತೆ ಅಂತ... ಯಾರೋ ಒತ್ತಿದ ಹಾಗೆ."

"ಬೆಚ್ಚಗಿತ್ತು ಅಂದ್ರಲ್ಲ," ಎಂದಳು ಅವಳು. ಆ ಕೋಣೆಯಲ್ಲಿ ಹತ್ತು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ಹೂಂ ತಾಯಿ."

ಅಪಘಾತದ ಆ ಮಳೆಯ ಸಂಜೆ ಮೊದಲ ಕೆಲವು ನಿಮಿಷ ಮಣಿಕಟ್ಟು ಬೆಂಕಿಯಂತೆ ಉರಿದಿತ್ತು. ಆಮೇಲೆ ಅವಳ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು, ನೋವು ನಿಂತಿತು. ಅವಳು ಆ ಕೈಯ ಕಡೆ ನೋಡಿರಲಿಲ್ಲ. ಗಂಡನ ಕೈ ಎಂದೇ ತಿಳಿದಿದ್ದಳು. ಎರಡು ತಿಂಗಳಿಂದ ಅವಳ ಬಳಿ ಉಳಿದಿದ್ದದ್ದು ಆ ಕೈಯ ಭಾರವೊಂದೇ.

"ಎರಡು ಕಡೆ ಮುರಿದ ಮಣಿಕಟ್ಟು," ಎಂದಳು ಡಾಕ್ಟರಮ್ಮ ಮೆಲ್ಲಗೆ. "ಒಂದು ಲೋಟ ಎತ್ತೋಕೂ ಆಗಲ್ಲ ಅದರಲ್ಲಿ. ಇಪ್ಪತ್ತು ನಿಮಿಷ ಹೇಗೆ ಒತ್ತಿದ್ರಿ ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ."

"ನಿಮಗೆ ಅವತ್ತು ಯಾರಾದ್ರೂ ಹೇಳಿದ್ರಾ, ಬಿಡಿ ಅಂತ?" ಅಜ್ಜ ಕೇಳಿದರು.

"ಇಲ್ಲ. ಕಿತ್ತು ತೆಗೆದ್ರು." ಅವಳು ಅತ್ತೆಯ ಕಡೆ ನೋಡಲಿಲ್ಲ. "ಅವರು ಹಿಡಿಯೋ ಮೊದ್ಲೇ ನಾನೇ ಬಿಟ್ಟೆನೋ ಏನೋ. ನನಗೆ ಗೊತ್ತಿಲ್ಲ."

ಅಜ್ಜ ಕೈ ಚಾಚಿದರು. ಅವಳು ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು. "ಬೇಡ," ಎಂದಳು.

ಅತ್ತೆ ಚೀಲವನ್ನು ನೆಲದ ಮೇಲಿಟ್ಟರು.

"ಬಿಟ್ಟಿದ್ರೆ ಈ ಕೈ ಹಿಂಗಿರ್ತಿತ್ತೇನೆ?" ಎಂದರು, ಜಡೆ ಸಿಕ್ಕಾದಾಗ ಗದರುವ ಅದೇ ದನಿಯಲ್ಲಿ. "ದಿನಾ ನೋಡ್ತೀನಲ್ಲ. ನನ್ನ ಮಗನ್ನ ಇನ್ನೂ ಹಿಡ್ಕೊಂಡೇ ಇದೀಯ. ಅವನು ಏನಾದ್ರೂ ಅಂದ್ನಾ, ನೋವು ಅಂದ್ನಾ, ಅಮ್ಮಾ ಅಂದ್ನಾ ಅಂತ ಕೇಳೋಕೆ ನನಗೇ ಧೈರ್ಯ ಬರ್ಲಿಲ್ಲ."

ಅವರು ಸೊಸೆಯ ಮುಷ್ಟಿಯ ಕೆಳಗೆ ತಮ್ಮ ಒಣ ಅಂಗೈಯನ್ನು ಜಾರಿಸಿದರು. ಅವಳ ಮುಖ ನೋಡಿದರು.

"ನಾನು ಹಿಡ್ಕೊಂಡಿದ್ದೀನಿ ಮಗಳೇ. ನೀನು ಬಿಡು."

ಕಿರುಬೆರಳು ಮೊದಲು ಸಡಿಲಿತು. ಉಳಿದವು ಒಂದೊಂದಾಗಿ, ಬಹಳ ನಿಧಾನವಾಗಿ. ಅಂಗೈಯಲ್ಲಿ ಉಗುರಿನ ನಾಲ್ಕು ಗುರುತುಗಳಿದ್ದವು. ಅವಳಿಗೆ ಅಳು ಬರಲಿಲ್ಲ. ಕಣ್ಣೊರೆಸಿಕೊಂಡದ್ದು ಅತ್ತೆ.

"ಏನೂ ಅನ್ನಲಿಲ್ಲ ಅತ್ತೆ," ಎಂದಳು. "ನನ್ನ ಮುಖ ನೋಡ್ತಾ ಇದ್ರು. ಅಷ್ಟೇ."

"ಸಾಕು," ಎಂದರು ಅತ್ತೆ.

"ಡಾಕ್ಟರಮ್ಮ, ನಿಮ್ಮ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ," ಎಂದ ಡ್ರೈವರು.

ಅಜ್ಜ ಮಾತ್ರ ಇನ್ನೂ ಬಾಗಿ ನೋಡುತ್ತಿದ್ದರು. ಅತ್ತೆಯ ಅಂಗೈ ಮೇಲೆ ಬಿಚ್ಚಿ ಮಲಗಿದ್ದ ಅವಳ ಕೈಯ ಹಿಂಬದಿಯಲ್ಲಿ, ಗೆಣ್ಣುಗಳಿಗೆ ಅಡ್ಡಲಾಗಿ, ಚರ್ಮ ಬಿಳುಪಾಗಿ ತಗ್ಗಿತ್ತು. ನಾಲ್ಕು ಬೆರಳುಗಳ ಅಗಲ.

"ನಿಮ್ಮ ಕೈಗೆ ಹೇಳಿದ್ದಾಯ್ತು," ಎಂದರು. "ಅದರ ಮೇಲಿರೋ ಕೈಗೆ ನಾನು ಹೇಳ್ಬೇಕಿತ್ತು ತಾಯಿ, ನಲವತ್ತು ವರ್ಷದ ಹಿಂದೆ. ಆಗಲೇ. ಈಗ ಹೇಳ್ಲಾ?"

ಭಾರ ಅಲ್ಲೇ ಇತ್ತು, ಬೆಚ್ಚಗೆ. ಅವಳು ಆ ಹಸಿರು ಶಾಲಿನವಳ ಬಗ್ಗೆ ಯೋಚಿಸಿದಳು. "ಹೇಳಿ," ಎಂದಳು.

ಅಜ್ಜ ಅವಳ ಕೈಯ ಮೇಲೆ ತಮ್ಮ ಕೈಯನ್ನು ತಂದರು. "ನಾನು ಹಿಡ್ಕೊಂಡಿದ್ದೀನಿ..." ಎಂದರು.

ಮುಂದಿನದು ಹೇಳುವ ಮೊದಲೇ ಭಾರ ಎದ್ದುಹೋಯಿತು. ಕರೆ ಬಂದು ಯಾರೋ ಅವಸರದಲ್ಲಿ ಎದ್ದುಹೋದ ಹಾಗೆ. ಕೈಯ ಮೇಲೆ ತಣ್ಣನೆ ಗಾಳಿ ಆಡಿತು.

"ಹೋದಳಾ?" ಅಜ್ಜ ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು.

ಅವರಿಗೆ ನೆಮ್ಮದಿಯಾದಂತೆ ಕಾಣಲಿಲ್ಲ. ಕಿಟಕಿಯ ಕಡೆ ಕಿವಿಗೊಟ್ಟು ಕೂತರು. ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ನಿಮಿಷವಾಗಿರಬಹುದು. ಆಮೇಲೆ ಆಸ್ಪತ್ರೆಯ ಗೇಟಿನ ಬಳಿ ಸೈರನ್ ಕೂಗಿತು. ಒಂದು ಗಾಡಿ ನೀರು ಸೀಳಿಕೊಂಡು ಹೊರಟಿತು. ಡ್ರೈವರು ಊರುಗೋಲು ಹಿಡಿದು ಎದ್ದು, ಕಿಟಕಿ ತೆರೆದು ಬಗ್ಗಿ ನೋಡಿದ.

"ಯಾವ ಕಡೆ?" ಎಂದರು ಅಜ್ಜ.

ಡ್ರೈವರು ತಿರುಗಲಿಲ್ಲ. "ಇಟ್ಟಿಗೆ ಗೂಡಿನ ಕಡೆ."

"ನಾವು ಎಷ್ಟು ಜೋರಾಗಿ ಹೋದ್ರೂ ಅಷ್ಟೇ..." ಎಂದರು ಅಜ್ಜ. "ನಮಗಿಂತ ಮೊದ್ಲೇ ಅವಳು ಹೋಗಿ ಹಿಡ್ಕೊಂಡಿರ್ತಾಳೆ."