ಹಳೆ ವಿದ್ಯಾರ್ಥಿನಿಯ ನಂಬರು

ವಿಶ್ವವಿದ್ಯಾಲಯದ ಗೇಟಿನ ಎದುರು ಜೆರಾಕ್ಸ್ ಅಂಗಡಿ. ನನ್ನದು ಎರಡೇ ಹಾಳೆ, ಮುಂದೆ ನಿಂತಿದ್ದ ಇಬ್ಬರು ಗುಮಾಸ್ತೆಯರದು ಒಂದು ಹೊರೆ. ಮಾನ್ಯತೆ ನವೀಕರಣದ ಸಮಿತಿ ನಾಳೆ ಬರುತ್ತದಂತೆ. ಹಿರಿಯಾಕೆ ಹಳೆ ವಿದ್ಯಾರ್ಥಿಗಳ ಪಟ್ಟಿ ನೋಡುತ್ತಿದ್ದರು.

“ಈ ಸಾಲು ಯಾಕೆ ಖಾಲಿ ಬಿಟ್ಟಿದ್ದೀಯ? ಕೆಲಸ, ಓದು, ಸಂಪರ್ಕಕ್ಕೆ ಸಿಕ್ಕಿಲ್ಲ, ಯಾವುದಕ್ಕಾದ್ರೂ ಟಿಕ್ ಹಾಕು.”

“ಫೋನ್ ಮಾಡಿದ್ದೆ ಅಕ್ಕಾ. ಅವರಮ್ಮ ಎತ್ತಿದ್ರು. ಹುಡುಗಿ ತೀರಿಕೊಂಡು ಎರಡು ವರ್ಷ ಆಯ್ತಂತೆ.”

“ಅಯ್ಯೋ... ಸಿಕ್ಕಿಲ್ಲ ಅಂತ ಹಾಕಿಬಿಡು.”

“ಹೆಂಗೆ ಹಾಕ್ಲಿ? ಅರ್ಧ ಗಂಟೆ ಮಾತಾಡಿದ್ರು. ಮಗಳನ್ನ ಕೇಳ್ಕೊಂಡು ಯಾರಾದ್ರೂ ಫೋನ್ ಮಾಡಬಹುದು ಅಂತ ಇವತ್ತಿಗೂ ಆ ನಂಬರಿಗೆ ರೀಚಾರ್ಜ್ ಮಾಡಿಸ್ತಾರಂತೆ. ಹಾಗೆ ಫೋನ್ ಮಾಡಿದ್ದು ನಾನೇ ಮೊದಲಂತೆ.”

“ಏನಂತ ಬರೀಬೇಕಂತೆ?”

“‘ಓದ್ತಿದ್ದಾಳೆ ಅಂತ ಬರ್ಕೋಮ್ಮಾ’ ಅಂದ್ರು.”

“ಲೇ, ಸಮಿತಿಯವರು ನಾಲ್ಕು ನಂಬರು ಆರಿಸಿ ಫೋನ್ ಮಾಡಿ ನೋಡ್ತಾರೆ ಕಣೆ. ಇದಕ್ಕೇ ಮಾಡಿಬಿಟ್ರೆ?”

“ಅದನ್ನೂ ಹೇಳ್ದೆ ಅಕ್ಕಾ. ‘ನಾಳೆ ಎಷ್ಟು ಗಂಟೆಗೆ ಮಾಡ್ತಾರಮ್ಮಾ?’ ಅಂತ ಕೇಳಿದ್ರು.”

ಹಿರಿಯಾಕೆ ಪೆನ್ನು ತೆಗೆದರು. ‘ಓದು’ ಎಂಬಲ್ಲಿ ಟಿಕ್ ಹಾಕಿದರು. ಮಸುಕಾಗಿ ಅಚ್ಚಾಗಿದ್ದ ನಂಬರನ್ನು ಅದೇ ಪೆನ್ನಿನಿಂದ ಒಂದೊಂದೇ ಅಂಕಿ ಒತ್ತಿ ತಿದ್ದಿದರು. ಆಮೇಲೆ ಇಬ್ಬರೂ ಹಾಳೆಗಳನ್ನು ಎದೆಗವಚಿಕೊಂಡು ಗೇಟಿನೊಳಗೆ ಹೋದರು.