ಕೋಮಲಾ ಮೇಡಂ ಹಣೆಯ ಪಟ್ಟಿ

ತರೀಕೆರೆ ಬಸ್ ನಿಲ್ದಾಣದಲ್ಲಿ ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಂದೇ ಊರಿನ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ತೀರ್ಥಕ್ಕ, ನಿಮ್ಮ ಸೊಸೆ ಕೋಮಲಾ ಹಣೆಗೆ ಏನೋ ಅಂಟಿಸ್ಕೊಂಡಿದ್ಲು. ಬಿದ್ದು ಏಟಾಯ್ತಾ?"

"ಏಟಲ್ಲ ಕಣೇ ಹಾಲಮ್ಮ. ಅದು ತಲೆಯೊಳಗಿನ ಕರೆಂಟು ನೋಡೋ ಪಟ್ಟಿ. ಅವ್ಳಿಗೆ ಆಗಾಗ ಫಿಟ್ಸ್ ಬತ್ತದೆ. ಮಿದುಳಲ್ಲಿ ಏನಾಗ್ತದೆ ಅಂತ ಡಾಕ್ಟ್ರು ನೋಡ್ಬೇಕಂತೆ. ಹತ್ತು ದಿನ ತೆಗೆಯೋ ಹಂಗಿಲ್ಲ."

"ಅಯ್ಯೋ, ಸ್ಕೂಲಿಗೆ ರಜಾ ಹಾಕಿದ್ಲಾ?"

"ನಾನೂ ರಜಾ ಹಾಕು ಅಂದೆ. ಕೇಳ್ಲಿಲ್ಲ. ಹಂಗೇ ಕ್ಲಾಸಿಗೆ ಹೋಗಿ, ಬೋರ್ಡ್ ಮೇಲೆ ಮಿದುಳಿನ ಚಿತ್ರ ಬರ್ದು, ಪಟ್ಟಿ ತೋರ್ಸಿ ಪಾಠ ಮಾಡ್ಬಿಟ್ಲು."

"ಊರಿಗೆಲ್ಲ ಗೊತ್ತಾಗಲ್ವೇನಕ್ಕ?"

"ಗೊತ್ತಾಯ್ತು. ಮಾರನೇ ದಿನ ಏಳನೇ ಕ್ಲಾಸಿನ ಹುಡುಗಿ ಬಂದು, ಮಿಸ್, ನಂಗೂ ಹಂಗೇ ಬತ್ತದೆ, ಯಾರಿಗೂ ಹೇಳ್ಬೇಡ ಅಂತ ಮನೇಲಿ ಅಂದವ್ರೆ ಅಂತ ಅತ್ತಳಂತೆ. ಇವ್ಳು ಅವರಮ್ಮನ್ನ ಒಪ್ಸಿ, ಈಗ ಇಬ್ರನ್ನೂ ಶಿವಮೊಗ್ಗದ ಡಾಕ್ಟ್ರ ಹತ್ರ ಕರ್ಕೊಂಡೋಗವ್ಳೆ. ನಾನೇ ಬಸ್ ಹತ್ಸಿ ಬಂದೆ."

"ಗಟ್ಟಿಗಿತ್ತಿ ಬಿಡಿ ಅಕ್ಕ."

"ಗಟ್ಟಿಗಿತ್ತೀನೇ ಕಣೇ!"

ಅಜ್ಜಂಪುರದ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಎದ್ದರು. ಹತ್ತುವಾಗಲೂ ತೀರ್ಥಮ್ಮನ ಮಾತು ಎಲ್ಲರಿಗೂ ಕೇಳುತ್ತಿತ್ತು.

"ಎಂಟು ವರ್ಷ ನಾನೇ ಬರೀ ತಲೆನೋವು ಅಂತ ಮುಚ್ಚಿಟ್ಟಿದ್ದೆ. ಇನ್ಮೇಲೆ ಯಾರು ಕೇಳಿದ್ರೂ ಫಿಟ್ಸ್ ಅಂತಲೇ ಹೇಳ್ತೀನಿ. ನನ್ನ ಸೊಸೆ ಏನು ಕಳ್ಳತನ ಮಾಡವ್ಳಾ?"