ನಾಯಿಯ ಪಾಲು

ವೇದಿಕೆಯ ಅಧ್ಯಕ್ಷರೇ, ಹಾರ ಬಿದ್ದ ಕೂಡಲೇ ಮೊಬೈಲು ತೆಗೆದ ಮುಖ್ಯ ಅತಿಥಿಗಳೇ, ಇವತ್ತಿನ ಸನ್ಮಾನಿತರಾದ ವಕೀಲ ಸರ್ವೋತ್ತಮ ರಾಯರೇ, ಒಳಗಿನಿಂದ ಬರುವ ಸಾರಿನ ಪರಿಮಳಕ್ಕೆ ಮೂಗು ಕೊಟ್ಟು ನನಗೆ ಬರೀ ಕಿವಿ ಕೊಟ್ಟಿರುವ ಸಭಿಕರೇ,

ರಾಯರು ಪುತ್ತೂರಿನಲ್ಲಿ ಐವತ್ತು ವರ್ಷ ವಕೀಲಿಕೆ ಮಾಡಿದರು. ಅದರಲ್ಲಿ ಮೂವತ್ತೆಂಟು ವರ್ಷ ನಾನು ಅವರ ಗುಮಾಸ್ತ. ಗೆದ್ದ ಕೇಸು ಅವರ ವಾದದಿಂದ, ಸೋತ ಕೇಸು ನನ್ನ ಟೈಪಿಂಗಿನಿಂದ! ಇರಲಿ. ಕೆಸು ಬಾಯಿ ತುರಿಸುತ್ತದೆ, ಕೇಸು ಕಿಸೆ ತುರಿಸುತ್ತದೆ. ಎರಡನ್ನೂ ಬೇಯಿಸುವುದು ರಾಯರಿಗೆ ಗೊತ್ತು.

ಇವರ ಕೀರ್ತಿ ಏರಿದ್ದು ಯಾವುದರಿಂದ? ಪಾಂಡಿತ್ಯದಿಂದಲೋ? ಇಂಗ್ಲಿಷಿನಿಂದಲೋ? ಅಲ್ಲ ಮಾರಾಯ್ರೆ, ಒಂದು ನಾಯಿಯಿಂದ!

ಇಪ್ಪತ್ತೆರಡು ವರ್ಷದ ಹಿಂದೆ ಬೆಳ್ಳಾರೆ ಕಡೆಯವರು ಕೆಲವರು ಕದ್ದು ಹಂದಿ ಬೇಟೆಗೆ ಹೋದರು. ಬೆಳಿಗ್ಗೆಯೇ ಹಂದಿ ಬಿತ್ತು. ಬಾಳೆಲೆಯಲ್ಲಿ ಪಾಲು ಹಾಕಿ ಮುಗಿಸುವಾಗ ಫಾರೆಸ್ಟ್ ವಾಚರ್ ಮಾಯಿಲಪ್ಪ ಬಂದು ಅಡ್ಡ ನಿಂತ. ಬೇಟೆಯವರಲ್ಲೊಬ್ಬ, ಮೇದಪ್ಪ, ಕೋವಿ ಹಾರಿಸಿದ. ಮಾಯಿಲಪ್ಪ ಅಲ್ಲೇ ತೀರಿಹೋದ. ಪೊಲೀಸರಿಗೆ ಸಿಕ್ಕಿದ್ದು ನಾಲ್ಕು ಜನ. ಎಲೆಯ ಮೇಲಿದ್ದ ಪಾಲು ಎಷ್ಟು? ಐದು!

ಎಂತ ವ್ಯತ್ಯಾಸ ಅಂತ ಕೇಳುತ್ತೀರಾ? ಅಲ್ಲೇ ಉಂಟು ಕಾನೂನಿನ ಚಂದ. ಐದು ಜನ ಕೂಡಿ ಕೋವಿ ಹಿಡಿದು ಅಪರಾಧಕ್ಕೆ ಹೊರಟು, ಇಂಥದ್ದಾದೀತು ಅಂತ ಗೊತ್ತಿದ್ದು, ಒಬ್ಬ ಕೊಂದರೆ ಐವರೂ ಕೊಲೆಗಾರರು. ಅಮೆರಿಕದ ಕೆಲವು ಕಡೆ ಇನ್ನೂ ಸಲೀಸಂತೆ: ದರೋಡೆಗೆ ಹೋದಲ್ಲಿ ಹೆಣ ಬಿದ್ದರೆ, ಹೊರಗೆ ಕಾರಿನಲ್ಲಿ ಕೂತು ಕಡಲೆ ತಿಂದವನೂ ಕೊಲೆಗಾರ! ನಮ್ಮಲ್ಲಿ ಹಾಗಲ್ಲ, ಲೆಕ್ಕ ಐದಕ್ಕೆ ಮುಟ್ಟಬೇಕು. ಐದಾದರೆ ಎಲ್ಲರೂ ಕೊಂದವರು, ನಾಲ್ಕಾದರೆ ಗುಂಡು ಹಾರಿಸಿದವನೊಬ್ಬನೇ. ಸತ್ತವನಿಗೆ ಮಾತ್ರ ಏನೂ ವ್ಯತ್ಯಾಸ ಇಲ್ಲ.

ಸರಕಾರಿ ವಕೀಲರು ಗುಡುಗಿದರು: "ಪಾಲು ಐದು, ಆದ್ದರಿಂದ ಜನ ಐದು!" ನಮ್ಮ ರಾಯರು ಮೆಲ್ಲ ಎದ್ದರು. "ಸ್ವಾಮೀ, ಬೇಟೆಯಲ್ಲಿ ನಾಯಿಗೂ ಒಂದು ಪಾಲು ಉಂಟು." ಉಂಟು, ಎಲ್ಲರಿಗೂ ಗೊತ್ತು. ಮೂವರು ಮನೆಗೆ ಹೋದರು. ಮೇದಪ್ಪನೊಬ್ಬ ಜೈಲಿಗೆ.

ಆ ನಾಯಿ ಬಹಳ ಪಾಪದ್ದು. ಅವತ್ತು ಬೇಟೆಗೆ ಬಂದೇ ಇರಲಿಲ್ಲ. ಕಾಲು ಊದಿ ಕೊಟ್ಟಿಗೆಯಲ್ಲಿ ಮಲಗಿತ್ತು.

ನನಗೆ ಹೇಗೆ ಗೊತ್ತು ಅಂತವಾ? ಗುಮಾಸ್ತನಿಗೆ ಎಲ್ಲ ಗೊತ್ತಿರುತ್ತದೆ.

ಮಾಯಿಲಪ್ಪನ ಹೆಂಡತಿ ಶೀಲಾವತಿಯಕ್ಕನೂ ಪ್ರತಿ ವಾಯಿದೆಗೆ ಬಂದು ಇದನ್ನೇ ಹೇಳುತ್ತಿದ್ದರು: "ಗುಮಾಸ್ತಣ್ಣ, ನಿಮಗೆ ಎಲ್ಲ ಗೊತ್ತಿರ್ತದಲ್ಲ. ಐದನೆಯವ ಯಾರು?" ನಾನು ತಮಾಷೆಗಾರ. "ನಾಯಿಯ ಹತ್ರವೇ ಕೇಳಿ ಅಕ್ಕ" ಅಂದೆ. ಕೋರ್ಟಿನ ಜಗಲಿಯಲ್ಲಿ ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮೇದಪ್ಪ ಬಿಡುಗಡೆಯಾಗಿ ಬಂದ ದಿನ ಅವನನ್ನು ಕೇಳಿದೆ, "ಯಾಕೆ ಮಾರಾಯ ಹೆಸರು ಹೇಳ್ಲಿಲ್ಲ?" ಅವನೆಂದ: "ಹೇಳಿದ್ರೆ ಐದಾಗ್ತಿತ್ತಲ್ಲ. ಆ ಮೂವರ ಮಕ್ಕಳು ಎಂತ ಮಾಡುದು? 'ಹೊಡಿ' ಅಂತ ನೀನು ಹೇಳಿದ್ದು ಹೌದು. ಹೊಡೆದದ್ದು ನಾನಲ್ವಾ. ಬಾ, ಚಾ ಕುಡಿಯುವ."

ಎರಡನೇ ಸಾಲಿನಲ್ಲಿ ಕೂತಿದ್ದಾನೆ, ನೋಡಿ. ತಲೆ ಅಲ್ಲಾಡಿಸುತ್ತಿದ್ದಾನೆ, ಸಾಕು ಮಾಡು ಅಂತ. ಹೆದರಬೇಡ ಮೇದಪ್ಪ. ಖುಲಾಸೆಯಾದ ಮೂವರನ್ನು ಅದೇ ಕೊಲೆಗೆ ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಉಳಿದದ್ದು ಒಬ್ಬನೇ.

ರಾಯರೇ, ನೀವೂ ಬೆವರಬೇಡಿ. ನಾಯಿಯ ಪಾಲಿನ ಉಪಾಯ ನಿಮ್ಮ ಕಿವಿಯಲ್ಲಿ ಊದಿದವನು ನಾನು. ಯಾಕೆ ಅಂತ ನಿಮಗೆ ಗೊತ್ತಿರಲಿಲ್ಲ.

ಇವತ್ತಿನ ಅಡುಗೆಗೆ ಬಂದು, ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ ಶೀಲಾವತಿಯಕ್ಕ, ಆ ನಾಯಿ ಇಲ್ಲಿ ಉಂಟು, ಮೈಕಿನ ಎದುರು. ಬೊಗಳಲಿಕ್ಕೆ ಇಪ್ಪತ್ತೆರಡು ವರ್ಷ ತೆಗೆದುಕೊಂಡಿತು.

ಇಷ್ಟು ಹೊತ್ತು ಸಹಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಪಂಕ್ತಿಯಲ್ಲಿ ನನಗೆ ಎಲೆ ಹಾಕಬೇಡಿ ಅಕ್ಕ. ನಮಸ್ಕಾರ.